ಇಪ್ಪತ್ತೆರಡು ಲಕ್ಷ ಜನರ ಸೋದರತ್ತೆ

ಫೆಬ್ರುವರಿ 11, ಮಂಗಳವಾರ

ಚಂದ್ರಕಲಾಳ ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದವನ ಮೊಬೈಲಿನೊಳಗಿಂದ ಒಂದು ಹೆಣ್ಣುದನಿ, "ಹಾಯ್ ನನ್ನ ರಾಯಚೂರು ಫ್ಯಾಮಿಲಿ, ನೀವೆಲ್ಲಾ ಹ್ಯಾಂಗ ಐತ್ರೀ?" ಎಂದು ಕಿರುಚಿತು. ಬಾಯಲ್ಲಿದ್ದ ಬದನೆಕಾಯಿ ಪಲ್ಯ ಒಳಗೆ ಇಳಿಯಲಿಲ್ಲ. ಯಾರಪ್ಪ ಈಕೆ ಎಂದು ಕೇಳಿದರೆ, ಆ ಹುಡುಗ ನನ್ನನ್ನು ಬೇರೆ ಲೋಕದವನೆಂಬಂತೆ ನೋಡಿದ. ಇಷಾನ್ವಿಯಂತೆ. ಚಿತ್ರನಟಿ. ಮುಂದಿನ ಸಿನಿಮಾದಲ್ಲಿ ನಮ್ಮ ಕಡೆಯ ಕುರಿಗಾಹಿ ಹೆಣ್ಣಾಗುತ್ತಾಳಂತೆ, ಮುಂದಿನ ತಿಂಗಳು ದೇವದುರ್ಗದ ಹತ್ತಿರ ಚಿತ್ರೀಕರಣ. ಅದಕ್ಕೀಗ ದಿನಕ್ಕೊಂದು ವಿಡಿಯೊದಲ್ಲಿ ನಮ್ಮ ಭಾಷೆಯ ಕತ್ತು ಹಿಸುಕುತ್ತಿದ್ದಾಳೆ.

ಮನೆಗೆ ಬಂದು ಅವಳ ಪುಟ ತೆಗೆದು ನೋಡಿದೆ. ಹಿಂಬಾಲಕರು ಇಪ್ಪತ್ತೆರಡು ಲಕ್ಷ. ಎಲ್ಲರೂ "ಕುಟುಂಬ". ಇಪ್ಪತ್ತೆರಡು ಲಕ್ಷ ಜನರ ಕುಟುಂಬದಲ್ಲಿ ಒಬ್ಬರ ಹೆಸರಾದರೂ ಗೊತ್ತಿದೆಯೇ ಈಕೆಗೆ? ಯಾವನೋ ಸೈನಿಕ ತೀರಿಕೊಂಡ ದಿನ ದೀಪ ಹಚ್ಚಿ ಕಣ್ಣೀರಿಟ್ಟಿದ್ದಾಳೆ. ಅದೇ ದಿನ, ಅದೇ ಸೀರೆಯಲ್ಲಿ, ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು. ದೀಪವೂ ಅದೇ.

ಮೂವತ್ತನಾಲ್ಕು ವರ್ಷ ಊರ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವನು ನಾನು. ಪತ್ರಿಕೆ ಮುಚ್ಚಿತು, ಕೈಯ ಚಟ ಹೋಗಲಿಲ್ಲ. ಅವಳ ವಿಡಿಯೊದ ಕೆಳಗೆ ಒಂದು ಪುಟದಷ್ಟು ಬೈದು, ಪಂಪಾಪತಿ, ರಾಯಚೂರು ಎಂದು ಹೆಸರು ಹಾಕಿದೆ.

ಇದು ಹೊಸ ಮೋಸವೇನಲ್ಲ. 1981ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಒಬ್ಬ ನಟಿಗೆ ನಾಲ್ಕು ಹಾಳೆ ಪತ್ರ ಬರೆದಿದ್ದೆ. ಎರಡು ತಿಂಗಳಿಗೆ ಫೋಟೊ ಬಂತು, ಮೇಲೆ "ಪ್ರೀತಿಯಿಂದ" ಎಂದು ಬರೆದ ಸಹಿ. ಎಂಟು ದಿನ ನೆಲ ಕಾಣಲಿಲ್ಲ ನನಗೆ. ಆಮೇಲೆ ಗೆಳೆಯ ಯಂಕೋಬನಿಗೂ ಒಂದು ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟೆವು. ಎರಡರಲ್ಲೂ ಕೊನೆಯ ಅಕ್ಷರದ ಬಾಲ ಒಂದೇ ಕಡೆ ಮುರಿದಿತ್ತು. ರಬ್ಬರ್ ಠಸ್ಸೆ. ಆ ಫೋಟೊ ಇನ್ನೂ ಟ್ರಂಕಿನಲ್ಲಿದೆ, ಸಾಕ್ಷಿಗೆ.

ಫೆಬ್ರುವರಿ 14, ಶುಕ್ರವಾರ

ಇಷಾನ್ವಿಯ ಪುಟ ನೋಡಿಕೊಳ್ಳುವವನೊಬ್ಬ ಮನೆ ಹುಡುಕಿಕೊಂಡು ಬಂದ. ಹೆಸರು ಹನುಮೇಶ, ದೇವದುರ್ಗದವನು, ಮೂವತ್ತರ ಸುಮಾರು. ತೀನ್ ಕಂದೀಲ್ ಹತ್ತಿರ ಒಂದು ರೂಮು ಹಿಡಿದು ಕೂತಿದ್ದಾನೆ. ಮಂದಿ ಬರೆದದ್ದಕ್ಕೆಲ್ಲ ಇಷಾನ್ವಿಯ ಹೆಸರಲ್ಲಿ ಉತ್ತರ ಬರೆಯುವುದು ಅವನ ಕೆಲಸ.

"ಸರ, ನೀವು ಬೈದಿದ್ದು ಓದಿ ನಮ್ಮ ಮೇಲಿನವ್ರಿಗೆ ಕಳಿಸೀನಿ. ಇಂಥವ್ರಾ ಬೇಕಂದ್ರು. ನಾ ಓದಿದ್ದೆಲ್ಲ ಹೊರಗ್ರಿ, ನಮ್ಮವ್ವನ ಮಾತು ಮರ್ತಬಿಟ್ಟೀನಿ. ನೀವು ಬರದ ಕೊಡ್ರಿ, ಮೇಡಂ ಮರ್ಯಾದಿ ಉಳೀತದ."

ಅವಳ ಮರ್ಯಾದೆ ಉಳಿಸುವುದು ನನ್ನ ಕೆಲಸವಲ್ಲ ಎಂದೆ. ಚಹಾ ಕೂಡ ಕೇಳದೆ ಕಳಿಸಿದೆ. ಹೋಗುವಾಗ ನನ್ನ ಶಬ್ದಕೋಶದ ಮೇಲೆ ಫೋನ್ ನಂಬರಿನ ಚೀಟಿ ಇಟ್ಟು ಹೋದ, ಬೇಹಯಾ, ನಾಚಿಕೆಗೇಡಿ.

ಮಧ್ಯಾಹ್ನ ಖಾನಾವಳಿಯಲ್ಲಿ ಗಿರಾಕಿ ಕಡಿಮೆ ಇದ್ದರು. ಚಂದ್ರಕಲಾ ರೊಟ್ಟಿಯ ಹಂಚು ಇಳಿಸಿ ಕೆಂಪು ಖಣದ ಕುಲಾವಿ ಹೊಲಿಯುತ್ತಿದ್ದಳು. ಕೂಸಿನ ಆ ಟೋಪಿಗೆ ಅಂಚಿನ ತುಂಬ ಬಿಳಿ ಮಣಿ. ಗಂಡನನ್ನು ಬಿಟ್ಟು ಬಂದು ಈ ಖಾನಾವಳಿ ತೆಗೆದ ಮೇಲೆ ಐದು ವರ್ಷ ಅವಳ ತಮ್ಮ ಮಾಳಿಂಗಪ್ಪ ಮುಖ ನೋಡಿರಲಿಲ್ಲ. ಹಿರೇಕೊಟ್ನೆಕಲ್ಲಿನ ತವರಿನ ಬಾಗಿಲು ಮುಚ್ಚಿತ್ತು. ಈಗ ಅವನಿಗೆ ಹೆಣ್ಣು ಕೂಸಾಗಿದೆ. ಹೋದ ವಾರ ತಾನೇ ಬಂದು, ತೊಟ್ಟಿಲಿಗೆ ಬಾ, ಹೆಸರು ನೀನೇ ಇಡಬೇಕು ಎಂದನಂತೆ. ಸೋದರತ್ತೆ ಕುಲಾವಿ ತಂದು, ಕೂಸಿನ ಕಿವಿಯಲ್ಲಿ ಹೆಸರು ಹೇಳದೆ ನಮ್ಮಲ್ಲಿ ತೊಟ್ಟಿಲು ತೂಗುವುದಿಲ್ಲವಲ್ಲ.

"ತೀರಿಹೋದ ಅವ್ವನ ಹೆಸರಿಡ್ತೀನ್ರಿ ಸರ. ಭೀಮವ್ವ," ಎಂದಳು. "ನಾ ಮನಿ ಬಿಟ್ಟಾಗ ಎಲ್ಲಾರೂ ಬೈದ್ರು. ಅಕಿ ಒಬ್ಬಾಕಿ ತನ್ನ ರೊಟ್ಟಿ ಕೊಣಮಿಗಿ ಕೊಟ್ಟು ಕಳಿಸಿದ್ಳು."

ಆ ಮರದ ಕೊಣಮಿಗೆಯಲ್ಲೇ ಇಂದಿಗೂ ರೊಟ್ಟಿಯ ಹಿಟ್ಟು ನಾದುತ್ತಾಳೆ.

ಫೆಬ್ರುವರಿ 20, ಗುರುವಾರ

ಅಸಹ್ಯ. ಮಟಮಾರಿಯ ಒಬ್ಬ ಹುಡುಗ ಇಷಾನ್ವಿಗೆ ಬರೆದಿದ್ದಾನೆ, ತಾಯಿ ತೀರಿ ಮೂರು ದಿನ, ನಿಮ್ಮ ಸಿನಿಮಾ ನೋಡುತ್ತ ಕೂತಿದ್ದೇನೆ ಎಂದು. ಅದಕ್ಕೆ ಉತ್ತರ, ಮೂರು ಕೆಂಪು ಹೃದಯ ಮತ್ತು "ಲವ್ ಯೂ ರೀ".

ಮಣ್ಣು ಆರಿಲ್ಲದ ಮನೆಗೆ ಇದೇನು ಮಾತು? ಶಬ್ದಕೋಶದ ಮೇಲಿನ ಚೀಟಿ ತೆಗೆದು ಹನುಮೇಶನಿಗೆ ಒಂದು ಉತ್ತರ ಬರೆದು ಕಳಿಸಿದೆ. ನಮ್ಮವ್ವ ಗೋಪಮ್ಮ ದುಃಖದವರ ತಲೆ ನೇವರಿಸಿ ಹೇಳುತ್ತಿದ್ದ ಮಾತು ಅದು: "ಹೊಟ್ಟಿ ತಣ್ಣಗಿರ್ಲಿ ಯಪ್ಪಾ, ನಿನ್ನ ನೆಳ್ಳಾಗ ನಾಕು ಮಂದಿ ಕುಂದರ್ಲಿ."

ಇದೊಂದೇ. ಸಾವಿನ ಮನೆಗೆ ಮರ್ಯಾದೆ ಸಲ್ಲಬೇಕೆಂದು, ಅಷ್ಟೇ.

ಫೆಬ್ರುವರಿ 22, ಶನಿವಾರ

ಆ ಉತ್ತರಕ್ಕೆ ಒಂಬತ್ತು ಸಾವಿರ ಜನ ಹೃದಯ ಒತ್ತಿದ್ದಾರೆ. ಚಂದ್ರಬಂಡದ ಒಬ್ಬಳು ಮುದುಕಿ ಮೊಮ್ಮಗನ ಕೈಲಿ ಬರೆಸಿದ್ದಾಳೆ, ನಮ್ಮತ್ತಿ ಹಿಂಗಾ ಅಂತಿದ್ಳವ್ವಾ ಎಂದು. ಮೂವತ್ತನಾಲ್ಕು ವರ್ಷದಲ್ಲಿ ನಾನು ತಿದ್ದಿದ ಸಾಲಿಗೆ ಒಬ್ಬರೂ ಹೀಗೆ ಬರೆದಿರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ.

ಹನುಮೇಶ ಇನ್ನೂ ಹನ್ನೆರಡು ಕಳಿಸಿದ್ದಾನೆ. ಹನ್ನೆರಡೂ ಬರೆದೆ. ಅವನ ಕೈಗೆ ಬಿಟ್ಟರೆ ಮತ್ತೆ ಲವ್ ಯೂ ರೀ ಅನ್ನುತ್ತಾನೆ.

ಮಾರ್ಚ್ 3, ಸೋಮವಾರ

ಈಗ ದಿನಕ್ಕೆ ನಲವತ್ತು. ಬೆಳಿಗ್ಗೆ ಹನುಮೇಶ ಪಟ್ಟಿ ಕಳಿಸುತ್ತಾನೆ. ಉತ್ತರ ಬರೆದು ನಾನು ಅವನಿಗೆ, ಅವನು ಪುಟಕ್ಕೆ. ನಮ್ಮಿಬ್ಬರ ನಡುವಿನ ಸಂದೇಶಗಳೆಲ್ಲ ಒಂದು ದಿನಕ್ಕೆ ತಾವಾಗಿ ಅಳಿಸಿಹೋಗುವ ವ್ಯವಸ್ಥೆ, ಕಂಪನಿಯ ನಿಯಮವಂತೆ. ಕಳ್ಳರಿಗೂ ಎಷ್ಟು ನಿಯಮ.

ಉಳಿದ ತಾರೆಯರ ಪುಟಗಳನ್ನೂ ಈಚೆಗೆ ನೋಡುತ್ತಿದ್ದೇನೆ. ಹೇಸಿಗೆ ಬರುತ್ತದೆ. ಒಬ್ಬ ನಟ ಅಭಿಮಾನಿಯ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡು, ಮುಂದಿನ ಫೋಟೊದಲ್ಲಿ ಅದೇ ಕೈ ಒರೆಸಿಕೊಳ್ಳುತ್ತಿದ್ದಾನೆ. ನಮ್ಮ ಪುಟವೇ ವಾಸಿ.

ಇಂದು ಮಾನ್ವಿ ಕಡೆಯ ನೇತ್ರಾವತಿ ಎಂಬ ಬಾಣಂತಿ ಬರೆದಿದ್ದಳು. ಈಕೆ ದಿನವೂ ಬರೆಯುತ್ತಾಳೆ, ದಿನವೂ ಉತ್ತರ ಕೊಟ್ಟಿದ್ದೇನೆ. ಖಾಲಿ ತೊಟ್ಟಿಲಿನ ಫೋಟೊ ಹಾಕಿ, "ಅಕ್ಕಾ, ನಮ್ಮನ್ಯಾಗ ಸೋದರತ್ತಿ ಇದ್ದೂ ಇಲ್ದಂಗ. ನನ್ನ ಕೂಸಿಗಿ ನೀವಾ ಸೋದರತ್ತಿ ಆಗಿ ಹೆಸರಿಡ್ರಿ" ಎಂದಿದ್ದಳು. ಇದ್ದೂ ಇಲ್ಲದಂಥ ಸೋದರತ್ತೆ ಎಂಥವಳಿರಬೇಕು! ಬೆಂಗಳೂರಿನ ಯಾರಿಗಾದರೂ ಇದರ ತೂಕ ತಿಳಿಯುತ್ತಿತ್ತೇ? ಬರೆದೆ: "ಸೋದರತ್ತಿ ಇಲ್ದ ತೊಟ್ಲು ಹೆಂಗ ತೂಗ್ತದ ಯವ್ವಾ? ಹೆಸರು ನಾನಾ ಇಡ್ತೀನಿ. ದೇವದುರ್ಗಕ್ಕ ಬಂದಾಗ ಕೂಸಿನ ಮಾರಿ ತೋರಿಸು."

ಸಂಜೆಗೆ ಹದಿನಾಲ್ಕು ಸಾವಿರ. ಐದು ಗಂಟೆಗೆ ಹನ್ನೆರಡಿತ್ತು.

ಮಾರ್ಚ್ 9, ಭಾನುವಾರ

ಹನುಮೇಶನ ಜೊತೆ ದೇವದುರ್ಗಕ್ಕೆ ಹೋಗಿದ್ದೆ. ಇಸ್ತ್ರಿ ಮಾಡಿಸಿದ ಅಂಗಿ ಗಬ್ಬೂರು ದಾಟುವುದರೊಳಗೆ ಬೆವರಿನಿಂದ ಮೈಗಂಟಿತು.

ಹೊಲದಲ್ಲಿ ಹಗ್ಗ ಕಟ್ಟಿ ಮಂದಿಯನ್ನು ತಡೆದಿದ್ದರು. ನೆರಳೆಂದರೆ ಒಂದೇ ಜಾಲಿಗಿಡ. ಅದರ ಕೆಳಗೆ ನಟಿಯ ನಾಯಿಗೆ ಕುರ್ಚಿ. ಹಗ್ಗದ ಮುಂಚೂಣಿಯಲ್ಲಿ ಒಬ್ಬ ಎಳೆ ಬಾಣಂತಿ, ತಲೆಗೆ ಬಟ್ಟೆ ಕಟ್ಟಿ, ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಕಾವಲಿನವರಿಗೆ ಮೊಬೈಲು ತೋರಿಸಿ ತೋರಿಸಿ, ಅಕ್ಕನೇ ಬಾ ಅಂದಾಳೆ ಎನ್ನುತ್ತಿದ್ದಳು. ನನ್ನ ನೇತ್ರಾವತಿ. ಅವಳ ಕೈಲಿದ್ದುದು ನನ್ನ ಸಾಲು.

ಎರಡು ಗಂಟೆ ಕಾಯಿಸಿ ಇಷಾನ್ವಿ ವಾಹನದಿಂದ ಇಳಿದಳು. ಮಂದಿ ಹೋ ಎಂದಿತು. ಅವಳು ಹಗ್ಗದ ಹತ್ತಿರ ಬಂದು, ಗಿರ್ರನೆ ತಿರುಗಿ ಅವರಿಗೆ ಬೆನ್ನು ಮಾಡಿ ನಿಂತಳು. ಫೋನು ಮೇಲೆತ್ತಿ ನಕ್ಕಳು. ಅಭಿಮಾನಿಗಳ ಜೊತೆ ಫೋಟೊ! ಇಷ್ಟು ವರ್ಷ ಎಷ್ಟೋ ಥರದ ಅಗೌರವ ಕಂಡಿದ್ದೇನೆ, ಬೆನ್ನು ತೋರಿಸಿ ಪ್ರೀತಿ ಹೇಳುವುದನ್ನು ಕಂಡಿರಲಿಲ್ಲ. ಒಂದೂವರೆ ನಿಮಿಷ, ಮುಗಿಯಿತು. ಹೋಗುವಾಗ ಹನುಮೇಶ ನನ್ನನ್ನು ತೋರಿಸಿದ. "ಓ, ಕಾಮೆಂಟ್ ಅಂಕಲ್? ಸೂಪರ್ ಅಂಕಲ್," ಎಂದು ಒಳಗೆ ಹೋದಳು. ನನ್ನ ಒಂದು ಸಾಲೂ ಅವಳು ಓದಿಲ್ಲ.

ನೇತ್ರಾವತಿಯ ಹತ್ತಿರ ಹೋಗಿ ಮಾತಾಡಿಸಬಹುದಿತ್ತು. ಏನೆಂದು ಮಾತಾಡಿಸಲಿ?

ಮನೆಗೆ ಬಂದು ಬರೆದೆ: "ಬಿಸಲಾಗ ನಿಂತು ಕಾದ್ರಿ, ನಿಮ್ಮ ಋಣ ದೊಡ್ಡದು." ಅವಳು ಬೇಸರಪಟ್ಟುಕೊಂಡಿಲ್ಲ ಪಾಪ. ಅಕ್ಕನ ಹಿಂದೆ ನಿಂತದ್ದೇ ಪುಣ್ಯ ಎಂದಿದ್ದಾಳೆ.

ಮಾರ್ಚ್ 10, ಸೋಮವಾರ

ಖಾನಾವಳಿಯ ಬಾಗಿಲಲ್ಲಿ ಒಬ್ಬ ರೈತ ತಲೆ ತಗ್ಗಿಸಿ ಹೊರಟುಹೋಗುವುದನ್ನು ಕಂಡೆ. ಅವನೇ ಮಾಳಿಂಗಪ್ಪ ಎಂದು ಆಮೇಲೆ ಗೊತ್ತಾಯಿತು. ಒಳಗೆ ಚಂದ್ರಕಲಾ ಬಾಗಿಲನ್ನೇ ನೋಡುತ್ತಿದ್ದಳು, ಹಂಚಿನ ಮೇಲೆ ರೊಟ್ಟಿ ಕರಿಯಾಗುತ್ತಿತ್ತು.

ತೊಟ್ಟಿಲು ಇದೇ ಇಪ್ಪತ್ತಮೂರಕ್ಕಂತೆ. ಬಾ, ಕುಲಾವಿ ಹಾಕು, ಆದರೆ ಹೆಸರು ಸಿನಿಮಾದಾಕಿ ಇಡುತ್ತಾಳೆ, ನನ್ನ ಹೆಂಡತಿಗೆ ಮಾತು ಕೊಟ್ಟಿದ್ದಾಳೆ ಎಂದು ಹೇಳಿ ಹೋದನಂತೆ. ಚಂದ್ರಕಲಾ ಮೊಬೈಲು ತೆಗೆದು ನಿನ್ನೆಯ ಫೋಟೊ ತೋರಿಸಿದಳು. ಇಷಾನ್ವಿಯ ಹೆಗಲ ಹಿಂದೆ ತಲೆಗೆ ಬಟ್ಟೆ ಕಟ್ಟಿದ ಬಾಣಂತಿ.

"ಇಕಿನಾ ನೋಡ್ರಿ ನಮ್ಮ ತಮ್ಮನ ಹೇಂತಿ. ಕೂಸಿನ್ನ ಹಸೀ ಮೈಲೆ ಬಿಸಲಾಗ ಒಯ್ದಾಳ. ಓದ್ರಿ ಸರ, ನೀವಾ ಓದ್ರಿ, ಏನ ಬರದಾಳಂತ ಆ ನಟಿ."

ಓದಿದೆ. ಸೋದರತ್ತಿ ಇಲ್ದ ತೊಟ್ಲು ಹೆಂಗ ತೂಗ್ತದ. ನನ್ನ ಮಾತನ್ನು ನನ್ನ ಬಾಯಿಂದಲೇ ಅವಳಿಗೆ ಓದಿ ಹೇಳಿದೆ.

"ನಾ ಇದ್ದೀನಲ್ರಿ," ಎಂದಳು. ಅಷ್ಟೇ. ಕುಲಾವಿಯನ್ನು ಮಡಿಚಿ ಜೋಳದ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದಳು.

ಊಟ ಮಾಡದೆ ಬಂದೆ.

ಮಾರ್ಚ್ 13, ಗುರುವಾರ

ಹನುಮೇಶನ ರೂಮಿಗೆ ಹೋಗಿ, ಹೆಸರಿಡುವ ಮಾತು ಹಿಂದಕ್ಕೆ ತಗೋ ಎಂದೆ. ಆಗುವುದಿಲ್ಲವಂತೆ. ಹದಿನಾಲ್ಕು ಸಾವಿರ ಜನ ಮೆಚ್ಚಿದ ಮಾತು, ತಗೊಂಡರೆ ಉಗಿಯುತ್ತಾರಂತೆ. ನೇತ್ರಾವತಿಗೆ ಫೋನು ಹಚ್ಚಿ ಮುಹೂರ್ತವನ್ನೂ ಕೇಳಿಟ್ಟುಕೊಂಡಿದ್ದಾನೆ. ಆ ಹೊತ್ತಿಗೆ ಸರಿಯಾಗಿ ಹೆಸರು ಪುಟದ ಮೇಲೆ ಬರಬೇಕು.

"ಹೆಸರು ನೀವಾ ಆರಿಸ್ರಿ ಸರ. ನಮ್ಮ ಕಡೀದು ಯಾವುದರೆ ಹಳೇದು, ಛಲೋದು. ನಿಮ್ಮ ಮ್ಯಾಲ ಬಿಟ್ಟೀನಿ."

ಈ ಜನ ಸಂಬಂಧಗಳನ್ನೂ ಬಿಡಲಿಲ್ಲ. ಅಕ್ಕ, ಅಣ್ಣ ಎಲ್ಲ ಮುಗಿಯಿತು, ಈಗ ಸೋದರತ್ತೆ. ಮೊದಲು ನಮ್ಮ ಮಾತು ಕದ್ದರು, ಅದರ ಹಿಂದೆಯೇ ಮನೆಯೊಳಗೆ ಬಂದರು. ಬಾಗಿಲು ತೆಗೆದವರು ಯಾರೋ.

ಇವತ್ತಿನ ನಲವತ್ತು ಬರೆದು ಕಳಿಸಿದೆ. ಬಾಕಿ ಉಳಿಸುವುದು ನನ್ನ ಜಾಯಮಾನವಲ್ಲ.

ಮಾರ್ಚ್ 17, ಸೋಮವಾರ

ಗಿರಾಕಿ ಎದ್ದ ಮೇಲೆ ಚಂದ್ರಕಲಾಳಿಗೆ ಹೇಳಿಬಿಟ್ಟೆ. ಆ ಉತ್ತರ ಬರೆದವನು ನಾನು, ಇಷಾನ್ವಿಯಲ್ಲ ಎಂದು.

ಕೈ ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದಳು. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ನಕ್ಕಳು. ಒಂದು ವಾರದಲ್ಲಿ ಮೊದಲ ನಗು.

"ನನ್ನ ಸಮಾಧಾನಕ್ಕ ಇಷ್ಟ್ಯಾಕ ಸುಳ್ಳ ಹೇಳ್ತೀರಿ ಸರ? ಮೀಸಿ ಹೊತ್ತು ನೀವು ನಟಿ ಆಗ್ತೀರೇನು?"

ಫೋನಿನಲ್ಲಿ ತೋರಿಸಲು ಹೋದೆ. ಎಲ್ಲ ಅಳಿಸಿಹೋಗಿತ್ತು. ಮಾಳಿಂಗಪ್ಪನ ನಂಬರು ಕೇಳಿ ಅವನಿಗೂ ಹೇಳಿದೆ. ಪೂರ್ತಿ ಕೇಳಿ, ಬಹಳ ಮರ್ಯಾದೆಯಿಂದ, "ಯಜಮಾನ್ರ, ಬಿಸಲು ಭಾಳ ಅದ. ಹೊರಗ ತಿರಗಬ್ಯಾಡ್ರಿ," ಎಂದು ಫೋನಿಟ್ಟ.

ನಿಜ ಹೇಳಿದರೆ ಮುದುಕನಿಗೆ ಬಿಸಿಲು ಹೊಡೆದಿದೆ. ಸುಳ್ಳಿಗೆ ಹದಿನಾಲ್ಕು ಸಾವಿರ ಹೃದಯ.

ಮಾರ್ಚ್ 21, ಶುಕ್ರವಾರ

ಚಂದ್ರಕಲಾ ಹೋಗುವುದಿಲ್ಲ ಎಂದಿದ್ದವಳು ಹೋಗುತ್ತಾಳೆ. ಕೂಸಿನ ಮುಖವನ್ನಾದರೂ ನೋಡಿ ಬರುತ್ತಾಳಂತೆ. ನಾನೂ ಬರುತ್ತೇನೆ ಎಂದೆ. ಬೆಳಗಿನ ಬಸ್ಸಿಗೆ ಬರ್ರಿ ಎಂದಳು.

ಮಾರ್ಚ್ 23, ಭಾನುವಾರ

ಕ್ರಮವಾಗಿ ಬರೆಯಬೇಕು.

ಬೆಳಗಿನ ಬಸ್ಸಿಗೆ ಮಾನ್ವಿ, ಅಲ್ಲಿಂದ ಟಂಟಂನಲ್ಲಿ ಹಿರೇಕೊಟ್ನೆಕಲ್. ಚಂದ್ರಕಲಾಳ ತೊಡೆಯ ಮೇಲೆ ಗಂಟು. ಕುಲಾವಿಯ ಮಣಿಗಳ ನಡುವೆ ಜೋಳದ ಧೂಳು ಇನ್ನೂ ಇತ್ತು. ಮನೆ ಮುಂದೆ ಚಪ್ಪರ. ತೊಟ್ಟಿಲ ಹಗ್ಗಕ್ಕೆ ಬೇವು, ಮಾವು, ಮತ್ತು ಇಷಾನ್ವಿಯ ಒಂದು ದೊಡ್ಡ ಫೋಟೊ. ಅದಕ್ಕೂ ಹೂವಿನ ಸರ ಹಾಕಿದ್ದರು. ಬದುಕಿರುವವರ ಫೋಟೊಗೆ ಹೂ ಹಾಕಬಾರದೆಂದು ಹೇಳುವವರು ಆ ಊರಲ್ಲಿ ಯಾರೂ ಉಳಿದಿಲ್ಲವೇ?

ಮಾಳಿಂಗಪ್ಪ ಅಕ್ಕನಿಗೆ ಕಾಲಿಗೆ ನೀರು ಕೊಟ್ಟ, ಕಣ್ಣು ಕೊಡಲಿಲ್ಲ. ಹೆಂಗಸರು ಮೊದಲು ಗುಂಡುಕಲ್ಲನ್ನು, ಆಮೇಲೆ ಕೂಸನ್ನು, ತೊಟ್ಟಿಲ ಮೇಲಿಂದ ಕೆಳಗಿಂದ ದಾಟಿಸಿದರು. ಕಿವಿಯಲ್ಲಿ ಹೆಸರು ಹೇಳುವ ಹೊತ್ತು ಬಂತು. ನೇತ್ರಾವತಿ ಮೊಬೈಲನ್ನು ಕೂಸಿನ ತಲೆಯ ಹತ್ತಿರ ದಿಂಬಿಗೆ ಒರಗಿಸಿ ನಿಲ್ಲಿಸಿದಳು. ಎಲ್ಲರೂ ಅದನ್ನೇ ನೋಡುತ್ತ ನಿಂತರು. ಚಂದ್ರಕಲಾ ಕಂಬದ ಹತ್ತಿರ, ಕೈಯಲ್ಲಿ ಕುಲಾವಿ.

ಹನುಮೇಶ ರಾಯಚೂರಿನಲ್ಲಿ ನನ್ನ ಸಾಲಿಗೆ ಕಾಯುತ್ತಿದ್ದ. ನನ್ನ ಜೇಬಿನೊಳಗೆ ಫೋನು ಎರಡು ಸಲ ನಡುಗಿತು. ಚಪ್ಪರದ ಹಿಂದೆ, ಕುರಿಯ ಹಟ್ಟಿಯ ಗೋಡೆಗೆ ಒರಗಿ ನಿಂತು ಬರೆದೆ. ಭೀಮವ್ವ ಎಂದು ನಾನೇ ಬರೆದುಬಿಡಬಹುದಿತ್ತು. ಆದರೆ ಅದು ಚಂದ್ರಕಲಾಳ ಬಾಯಿಂದ ಬರಬೇಕಾದ ಹೆಸರು. ಹೀಗೆ ಬರೆದು ಹನುಮೇಶನಿಗೆ ಕಳಿಸಿದೆ: "ನೇತ್ರಾ, ನಾ ದೂರದಾಕಿ. ಕೂಸಿನ ಖರೇ ಸೋದರತ್ತಿ ನಿಮ್ಮ ಚಪ್ಪರದಾಗಾ ನಿಂತಾಳ. ಹಕ್ಕು ಅಕಿದು. ಅಕಿ ಏನ ಹೆಸರು ಇಡ್ತಾಳ, ನಾ ಇಟ್ಟಂಗಾ."

ಒಳಗೆ ಮೊಬೈಲು ಸದ್ದು ಮಾಡಿತು. ನೇತ್ರಾವತಿ ಓದುತ್ತ ಓದುತ್ತ ಅಳತೊಡಗಿದಳು. ಹೆಂಗಸರು ಬಾಯಿ ಮೇಲೆ ಕೈಯಿಟ್ಟರು. ನೋಡವ್ವಾ, ಅಷ್ಟು ದೊಡ್ಡಾಕಿ, ನಮ್ಮ ಚಂದ್ರವ್ವ ಇಲ್ಲಿ ನಿಂತಿದ್ದು ಅಲ್ಲಿಂದ ಕಂಡಳು ಎಂದರು. ನಾನು ವಾರದ ಹಿಂದೆ ಫೋನು ಮಾಡಿದಾಗ ಬಿಸಿಲಿನ ಮಾತಾಡಿದ ಮಾಳಿಂಗಪ್ಪ ಈಗ ಅಕ್ಕನ ಕಾಲು ಹಿಡಿದುಕೊಂಡ. ನೇತ್ರಾವತಿ ಅವಳ ಕೈ ಹಿಡಿದು ತೊಟ್ಟಿಲಿಗೆ ತಂದಳು.

ಚಂದ್ರಕಲಾ ಕುಲಾವಿ ಹಾಕಿದಳು. ಬಗ್ಗಿ ಕೂಸಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದಳು. ಹೆಂಗಸರು ರೂಢಿಯಂತೆ ಅವಳ ಬೆನ್ನಿಗೆ ಗುದ್ದು ಹಾಕಿ, ಏನಿಟ್ಟಿ, ಜೋರಾಗಿ ಹೇಳು ಎಂದರು.

ಅವಳು ಎದ್ದು ನಿಂತು, ಕಣ್ಣೊರೆಸಿಕೊಂಡು ಹೇಳಿದಳು.

"ಇಷಾನ್ವಿ."

ಒಬ್ಬ ಮುದುಕಿ, "ಏನಂದಿ? ಇಸಾನಮ್ಮನಾ?" ಎಂದಳು. ಎಲ್ಲರೂ ನಕ್ಕರು. ಗುಗ್ಗರಿ ಹಂಚಿದರು. ನನ್ನ ಕೈಗೂ ಒಂದು ಬೊಗಸೆ ಹಾಕಿದರು.

ಮಾರ್ಚ್ 24, ಸೋಮವಾರ

ನಿನ್ನೆ ಬರುವಾಗ ಬಸ್ಸಿನಲ್ಲಿ ಚಂದ್ರಕಲಾಳನ್ನು ಕೇಳಿದ್ದೆ, ಅವ್ವನ ಹೆಸರು ಏನಾಯಿತು ಎಂದು.

"ಅವ್ವ ಬೈಯಂಗಿಲ್ರಿ," ಎಂದಳು. "ಐದು ವರ್ಷ ನನ್ನ ತಮ್ಮ ಕೊಡಲಾರದ್ದು ಅಕಿ ಒಂದು ಮಾತಿನಾಗ ಕೊಟ್ಳು. ಅಕಿ ಹೆಸರಿಡಲಿಲ್ಲಂದ್ರ ನಾ ಮನಿಷ್ಯಾಳೇನ್ರಿ?"

ಇಂದು ಇಷಾನ್ವಿಯ ಹೊಸ ವಿಡಿಯೊ. ಕಣ್ಣಲ್ಲಿ ನೀರು. ಸೋದರತ್ತೆಯ ಹಕ್ಕು ಬಿಟ್ಟುಕೊಟ್ಟದ್ದು ತನ್ನ ಬದುಕಿನ ದೊಡ್ಡ ಪಾಠವಂತೆ. ಕೆಳಗೆ ಮಕ್ಕಳ ಸೋಪಿನ ಹೆಸರು. ಒಂದು ಲಕ್ಷ ಹತ್ತು ಸಾವಿರ.

ಹನುಮೇಶನಿಗೆ ಇನ್ನು ಬರೆಯುವುದಿಲ್ಲ ಎಂದು ಕಳಿಸಿದೆ. ಟ್ರಂಕಿನಿಂದ 1981ರ ಫೋಟೊ ತೆಗೆದು ನೋಡಿದೆ. ಹರಿಯಬೇಕೆಂದಿದ್ದೆ, ಮತ್ತೆ ಒಳಗಿಟ್ಟೆ.

ಮಾರ್ಚ್ 29, ಶನಿವಾರ

ಸೋಪಿನ ವಿಡಿಯೊ ಈಗ ಒಂದು ಲಕ್ಷ ಅರವತ್ತು ಸಾವಿರ. ಸುಮ್ಮನೆ ನೋಡಿದೆ.

ಏಪ್ರಿಲ್ 12, ಶನಿವಾರ

ಖಾನಾವಳಿಯ ಗೋಡೆಯ ಮೇಲೆ ಈಗ ಇಷಾನ್ವಿ ಇದ್ದಾಳೆ, ದೇವರ ಪಟಗಳ ಸಾಲಿನಲ್ಲೇ, ಒಂದು ಗೇಣು ಕೆಳಗೆ. ಮಾಳಿಂಗಪ್ಪ ವಾರಕ್ಕೊಮ್ಮೆ ಅಕ್ಕನಿಗೆ ಜೋಳ, ತೊಗರಿ ತಂದು ಹಾಕಿ ಹೋಗುತ್ತಾನಂತೆ. ಚಂದ್ರಕಲಾ ಹೊಸ ಸೀರೆ ಉಟ್ಟಿದ್ದಳು. ಅವಳ ಮುಖ ಇಷ್ಟು ಹಗುರಾಗಿ ಇದ್ದುದನ್ನು ನಾನು ನೋಡಿಲ್ಲ. ಆ ಫೋಟೊ ತೆಗಿ ಎಂದು ಯಾವ ಬಾಯಿಂದ ಹೇಳಲಿ?

ತಾಟು ಇಟ್ಟವಳೇ ಮೊಬೈಲು ಹಿಡಿದು ಎದುರಿಗೆ ಕೂತಳು. ನಿನ್ನೆ ಅವ್ವ ತೀರಿದ ದಿನವಂತೆ. ಅದನ್ನು ಇಷಾನ್ವಿಗೆ ಬರೆದಿದ್ದಳಂತೆ. ಬರೆದು ಒಂದು ನಿಮಿಷವೂ ಆಗಿರಲಿಲ್ಲ, ಉತ್ತರ ಬಂತಂತೆ. ನನ್ನ ಕನ್ನಡಕ ಮನೆಯಲ್ಲಿತ್ತು, ಅವಳೇ ಓದಿದಳು, ನಿಧಾನವಾಗಿ, ಬೆರಳಿಟ್ಟು.

"ಹೊಟ್ಟಿ ತಣ್ಣಗಿರ್ಲಿ ಯಪ್ಪಾ, ನಿನ್ನ ನೆಳ್ಳಾಗ ನಾಕು ಮಂದಿ ಕುಂದರ್ಲಿ."

ನಾನು ಬರೆದಿರಲಿಲ್ಲ. ಬರೆಯುವುದನ್ನು ಬಿಟ್ಟು ಇಪ್ಪತ್ತು ದಿನ. ಹನುಮೇಶ ನನ್ನ ಸಾಲುಗಳನ್ನೆಲ್ಲ ಒಂದು ಕಡೆ ಸಾಲಾಗಿ ಇಟ್ಟುಕೊಂಡಿರಬೇಕು. ಸಾವಿಗೆ ಒಂದು, ಹೆರಿಗೆಗೆ ಒಂದು, ಪರೀಕ್ಷೆಗೆ ಒಂದು. ಬೆರಳು ಒತ್ತಿದರೆ ಹೋಗುತ್ತದೆ. ಹೆಣ್ಣಿಗೆ ಯಪ್ಪಾ ಎಂದದ್ದನ್ನೂ ಯಾರೂ ನೋಡಿಲ್ಲ.

"ನಮ್ಮವ್ವನಾ ಬಂದು ಮಾತಾಡ್ದಂಗ ಆತ್ರಿ ಸರ," ಎಂದಳು ಚಂದ್ರಕಲಾ. "ಎಲ್ಲಿ ಕಲ್ತಾಳ ನೋಡ್ರಿ ಇಂಥಾ ಮಾತು."

ಎಲ್ಲಿ ಕಲಿತಳೋ, ಎಂದೆ.

ಅವಳು ಇನ್ನೊಂದು ಸಲ ಓದಿದಳು. ನಾನು ರೊಟ್ಟಿ ಮುರಿದೆ.